ಸಿಂಹಧಾಮದ ದಾರಿಯಲ್ಲಿ ಸರ್ಫ್‌ಬೋರ್ಡ್

ಶಿವಮೊಗ್ಗದಿಂದ ಸಾಗರದ ದಾರಿ ಹಿಡಿದು ಹತ್ತು ಕಿಲೋಮೀಟರ್ ಬಂದರೆ ತ್ಯಾವರೆಕೊಪ್ಪ. 1988ರಲ್ಲಿ ಇಲ್ಲಿ ಹುಲಿ–ಸಿಂಹಧಾಮ ಆದಾಗಿನಿಂದ ಈ ರಸ್ತೆಬದಿಯವರನ್ನು ಬೆರಗುಗೊಳಿಸುವುದು ಸುಲಭವಲ್ಲ. ಮಲೆನಾಡಿನ ಕಾಡು ಕಂಡೇ ಇರದಿದ್ದ ಸಿಂಹವನ್ನೇ ನೆರೆಮನೆಯದ್ದು ಮಾಡಿಕೊಂಡವರು ಅವರು. ಆದರೂ ಫೆಬ್ರವರಿಯ ಆ ಬೆಳಿಗ್ಗೆ ನಮ್ಮ ಕಾರಿನ ನೆತ್ತಿಗೆ ಹಗ್ಗ ಬಿಗಿದು ಕಟ್ಟಿದ್ದ ಎಂಟಡಿ ಉದ್ದದ ನೀಲಿ ಹಲಗೆ ನೋಡಿ ಚಹಾದಂಗಡಿಯ ಮುಂದೆ ನಾಲ್ಕಾರು ಜನ ಸೇರಿಯೇಬಿಟ್ಟರು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮಣ್ಣನ ಮಗ ಯಾರೋ ಬಳಸಿಬಿಟ್ಟ ಸರ್ಫ್‌ಬೋರ್ಡನ್ನು ಅಗ್ಗಕ್ಕೆ ಕೊಂಡು ತಂದಿದ್ದ. "ಮುಲ್ಕಿಗೆ ಹೋಗೋಣ ಚಿಕ್ಕಪ್ಪ, ನೀವೂ ಬನ್ನಿ" ಎಂದು ನನ್ನನ್ನೂ ಹೊರಡಿಸಿದ್ದ.

"ಎಂಥದಿದು, ಹೊಸ ಮನೆಗೆ ಬಾಗಿಲಾ?"

"ಇಷ್ಟು ಚೂಪು ಮೂತಿಯ ಬಾಗಿಲು ಯಾವ ವಾಸ್ತುವಿಗೆ ಬರುತ್ತೆ ಮಾರಾಯ!"

ಸಮುದ್ರದ ಅಲೆಯ ಮೇಲೆ ಇದನ್ನಿಟ್ಟು ಅದರ ಮೇಲೆ ನಿಲ್ಲುವುದು ಎಂದು ಹುಡುಗ ವಿವರಿಸಿದ. ಯಾರೂ ನಗಲಿಲ್ಲ, ಯಾರೂ ನಂಬಲೂ ಇಲ್ಲ. ಗುಂಪಿನಲ್ಲಿದ್ದ ಒಬ್ಬ ಹಿರಿಯ ಬಡಗಿ ಮಾತ್ರ ಮುಂದೆ ಬಂದು ಬೆರಳ ಗೆಣ್ಣಿನಿಂದ ಹಲಗೆಯನ್ನು ಕುಟ್ಟಿ, ಕಿವಿಗೊಟ್ಟು ಕೇಳಿ, ಒಂದು ಮೂಲೆಯನ್ನು ಎತ್ತಿ ತೂಕ ನೋಡಿದರು. "ಮರ ಅಲ್ಲ ಇದು. ಮರದಲ್ಲೇ ಮಾಡ್ಬೇಕು ಅಂದ್ರೆ ಹಾಲುವಾಣ ಆಗ್ಬೇಕು. ಇಷ್ಟು ಹಗುರ ಅದೊಂದೇ."

ಆ ಮಾತನ್ನು ಆಗ ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಕಾರು ಮತ್ತೆ ಹೊರಟ ಮೇಲೆ, ಹುಡುಗ ಹಲಗೆಯ ಪುರಾಣ ಬಿಚ್ಚಿದಾಗ, ಮೈ ಜುಮ್ಮೆಂದಿತು. ಅಲೆಯ ಮೇಲೆ ನಿಲ್ಲುವ ವಿದ್ಯೆಯನ್ನು ಕಲೆಯ ಮಟ್ಟಕ್ಕೆ ಏರಿಸಿದವರು ಹವಾಯಿ ದ್ವೀಪದವರು. ಕ್ಯಾಪ್ಟನ್ ಕುಕ್‌ನ ಹಡಗುಗಳು 1778ರಲ್ಲಿ ಅಲ್ಲಿಗೆ ಹೋಗುವ ಎಷ್ಟೋ ಮೊದಲೇ ಅವರು ಮರದ ಹಲಗೆ ಕೆತ್ತಿ ಕಡಲಿಗಿಳಿಯುತ್ತಿದ್ದರು. ಸಾಮಾನ್ಯರ ಹಲಗೆಗೆ ಹೆಚ್ಚಾಗಿ ಕೋವಾ ಎಂಬ ಗಟ್ಟಿ ಮರ. ಅರಸು ಮನೆತನದವರ 'ಓಲೊ' ಎಂಬ ನೀಳ ಹಲಗೆಗೆ ವಿಲಿವಿಲಿ ಎಂಬ ಹಗುರ ಮರ. ಆ ವಿಲಿವಿಲಿ ಸಸ್ಯಶಾಸ್ತ್ರದ ಪ್ರಕಾರ ಎರಿತ್ರಿನಾ ಕುಲದ್ದು. ನಮ್ಮ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸಲು ನೆಡುವ, ಮೈತುಂಬ ಮುಳ್ಳಿನ, ಎಲೆ ಉದುರಿಸಿ ಕೆಂಪು ಹೂ ಬಿಡುವ ಹಾಲುವಾಣವೂ ಅದೇ ಎರಿತ್ರಿನಾ! ಸಮುದ್ರ ಕಂಡಿದ್ದರೋ ಇಲ್ಲವೋ, ಹವಾಯಿಯ ಅರಸರ ಬಡಗಿಗಳು ಆರಿಸಿದ್ದ ಮರದ ಕುಲವನ್ನೇ ತ್ಯಾವರೆಕೊಪ್ಪದ ಬಡಗಿ ಬರೀ ಬೆರಳಿನಲ್ಲಿ ಕುಟ್ಟಿ ಆರಿಸಿದ್ದರು. ನಾನು ದಾರಿಯುದ್ದಕ್ಕೂ ಬೇಲಿಸಾಲಿನಲ್ಲಿ ಕೆಂಪು ಹೂ ಹುಡುಕುತ್ತ ಕೂತೆ.

ನಮ್ಮ ನೆತ್ತಿಯ ಮೇಲಿದ್ದ ಹಲಗೆಯ ಒಳಗೆ ಇದ್ದದ್ದು ನೊರೆಯಂಥ ಪ್ಲಾಸ್ಟಿಕ್ ಫೋಮ್. ಮರದಿಂದ ಫೋಮಿಗೆ ಈ ಕಸುಬು ತಿರುಗಿದ್ದು 1950ರ ದಶಕದ ಕೊನೆಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಒಳಗೆ ಫೋಮ್, ನಡುವೆ ಬೆನ್ನೆಲುಬಿನ ಹಾಗೆ ಒಂದು ಮರದ ಪಟ್ಟಿ, ಹೊರಗೆ ಗಾಜಿನ ನಾರಿನ ಬಟ್ಟೆ, ಅದರ ಮೇಲೆ ರಾಳ: ನುರಿತವರ ಹಲಗೆ ಹೀಗಿರುತ್ತದೆ. ಕಲಿಯುವವರದ್ದಕ್ಕೆ ಮೇಲ್ಮೈಯೂ ಮೆತ್ತಗೆ, ಬಿದ್ದಾಗ ತಲೆಗೆ ಬಡಿದರೂ ಒಡೆಯಬಾರದಲ್ಲ.

ಆಯನೂರು, ಕುಂಸಿ ದಾಟಿದರೆ ಚೋರಡಿ. ಅಲ್ಲಿ ಕುಮುದ್ವತಿಯ ಸೇತುವೆ. ಈ ನೀರು ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟುವ ವರದೆಯೂ ಮೂಡಣಕ್ಕೇ ಹೋಗುತ್ತದೆ. ಅಲ್ಲಿಂದ ಕೂಗಳತೆ ಎನ್ನುವಷ್ಟು ದೂರದಲ್ಲೇ ಬಿದ್ದ ಮಳೆ ಶರಾವತಿಗೆ ಸೇರಿ ಪಡುವಣ ಕಡಲಿಗೆ. ಎರಡು ಸಮುದ್ರಗಳ ನಡುವಿನ ಗಡಿಕಲ್ಲು ನಮ್ಮ ಕಾಡುಗುಡ್ಡಗಳಲ್ಲೆಲ್ಲೋ ಅಡಗಿದೆ. ಈ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದರೂ ಆ ಗಡಿ ದಾಟುತ್ತಿದ್ದೇನೆ ಎಂಬ ಅರಿವು ಬಂದದ್ದು ನೆತ್ತಿಯ ಮೇಲೊಂದು ಸರ್ಫ್‌ಬೋರ್ಡ್ ಇದ್ದಾಗಲೇ.

ಹೊನ್ನೆಮರಡಿನಲ್ಲಿ ನಿಲ್ಲಲೇಬೇಕಿತ್ತು. ಸಾಗರದಿಂದ ಒಂದು ಗಂಟೆಯೊಳಗಿನ ಹಾದಿ, ಲಿಂಗನಮಕ್ಕಿ ಹಿನ್ನೀರಿನ ದಂಡೆ. 1964ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಊರುಗಳೇ ಮುಳುಗಿ, ಜನ ಶಿವಮೊಗ್ಗ, ಹೊಸನಗರ, ಸಾಗರ ತಾಲ್ಲೂಕುಗಳ ಕಾಡಂಚಿಗೆ ಗುಳೆ ಹೋದದ್ದು ಇನ್ನೂ ಮಾಯದ ಗಾಯ. ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಇದೇ ನೀರಿನಡಿ ಇದೆ, ಬೇಸಿಗೆಯಲ್ಲಿ ನೀರು ತಗ್ಗಿದಾಗ ಮೇಲೆದ್ದು ಕಾಣುತ್ತದೆ. ಇಂಥ ನೀರಿನ ಮೇಲೆ ಆಟ ಆಡುವುದು ಸರಿಯೇ ಎಂಬ ಅಳುಕು ನನಗಿತ್ತು. ಆದರೆ ಮಲೆನಾಡಿನ ಒಳಗೆ ಜಲಸಾಹಸ ಎಂಬುದು ಬೇರೂರಿದ್ದು ಇಲ್ಲಿಯೇ. ಎಸ್.ಎಲ್.ಎನ್. ಸ್ವಾಮಿ ಮತ್ತು ನೊಮಿಟೊ ಕಾಮದಾರ್ ದಂಪತಿಯ ಸಾಹಸ ಶಿಬಿರಗಳಿಂದಾಗಿ ಕಯಾಕ್, ಹರಿಗೋಲು, ಹಾಯಿ ಕಟ್ಟಿದ ವಿಂಡ್‌ಸರ್ಫಿಂಗ್ ಹಲಗೆ ಇವನ್ನೆಲ್ಲ ಕರಾವಳಿಗೆ ಕಾಲಿಡದ ಮಕ್ಕಳೂ ಇಲ್ಲಿ ಕಂಡರು. ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯದೆ ನೀರಿಗಿಳಿಯಬಾರದು ಎಂಬ ಪಾಠವನ್ನೂ ಕಲಿತರು.

ಮಧ್ಯಾಹ್ನದ ಗಾಳಿ ಎದ್ದು ಹಿನ್ನೀರಿನ ಮೇಲೆ ಸಣ್ಣ ಸಣ್ಣ ಅಲೆ ಹುಟ್ಟಿತು. ಮೊಳದುದ್ದವೂ ಇಲ್ಲ, ಒಂದರ ಬೆನ್ನಿಗೊಂದು ಅವಸರದಲ್ಲಿ ಬಂದು ದಂಡೆಯ ಕೆಂಪು ಮಣ್ಣಿಗೆ ತಟಪಟ ಬಡಿಯುತ್ತಿದ್ದವು. "ಇದರ ಮೇಲೆ ನಿಂತು ನೋಡೋಣ್ವಾ?" ಎಂದೆ. ಹುಡುಗ ನಕ್ಕ. "ಇದು ಇಲ್ಲೇ ಹುಟ್ಟಿದ ಗಾಳಿ ಅಲೆ ಚಿಕ್ಕಪ್ಪ, ಇದಕ್ಕೆ ಹೊರುವ ಕಸುವಿಲ್ಲ. ನಾಳೆ ನೋಡೋದು ದೂರದ್ದು." ಎಷ್ಟು ದೂರದ್ದು ಎಂದರೆ, ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಅಂಟಾರ್ಕ್ಟಿಕಾಕ್ಕೆ ಹತ್ತಿರ ಎದ್ದ ಬಿರುಗಾಳಿ ಕಡಲನ್ನು ಕಲಕಿದರೆ ಆ ಏರಿಳಿತ ಸಾವಿರಾರು ಕಿಲೋಮೀಟರ್ ದಾಟಿ, ದಿನಗಟ್ಟಲೆ ಸಾಗಿ ನಮ್ಮ ಕರಾವಳಿಗೆ ಬರುತ್ತದಂತೆ. ಹೊರಟಲ್ಲಿದ್ದ ಗೊಂದಲವೆಲ್ಲ ದಾರಿಯಲ್ಲಿ ಸೋಸಿಹೋಗಿ, ಇಲ್ಲಿಗೆ ಮುಟ್ಟುವಾಗ ಸಾಲುಸಾಲಾಗಿ, ಅಂತರ ಹಿಡಿದು ಬರುತ್ತದೆ. ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಎಂಬ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಈ ಅಲೆಗಳ ಎತ್ತರವನ್ನು ದಿನಗಳ ಮುಂಚೆಯೇ ಹೇಳುತ್ತದೆ. ಮೀನುಗಾರರಿಗೆಂದು ಹೊರಡುವ ಆ ಮುನ್ಸೂಚನೆಯನ್ನು ಸರ್ಫರ್‌ಗಳೂ ಪಂಚಾಂಗದ ಹಾಗೆ ಓದುತ್ತಾರೆ.

ಜೋಗದಲ್ಲಿ ಫೆಬ್ರವರಿಯ ಬಡ ನೀರು. ಗೇರುಸೊಪ್ಪೆಯ ಘಾಟಿ ಇಳಿದೆವು. ಹೊನ್ನಾವರದಲ್ಲಿ ಶರಾವತಿ ಅಗಲವಾಗಿ ಹರಡಿಕೊಂಡು ಕಡಲಿಗೆ ಸೇರುವಲ್ಲಿ ಕಾಸರಕೋಡು. 2020ರಲ್ಲಿ ಕರ್ನಾಟಕದ ಎರಡು ತೀರಗಳಿಗೆ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು: ಒಂದು ಇದು, ಇನ್ನೊಂದು ಪಡುಬಿದ್ರಿ. ಅಲ್ಲಿಂದ ತೆಂಕಣಕ್ಕೆ ಮುರುಡೇಶ್ವರ, ಭಟ್ಕಳ, ಬೈಂದೂರು. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕೆ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ. ದಾರಿಯಲ್ಲಿ ಕೆಲವು ಕಡೆ ಜೆಟ್‌ಸ್ಕಿ, ಬಾಳೆಹಣ್ಣಿನಾಕಾರದ ರಬ್ಬರ್ ದೋಣಿ, ಮೋಟಾರಿನ ಆರ್ಭಟ. ಅದು ಜಾತ್ರೆಯ ತೊಟ್ಟಿಲು. ಹತ್ತಿ ಕೂತರೆ ಅದೇ ತಿರುಗಿಸಿ ಇಳಿಸುತ್ತದೆ, ಹತ್ತಿದವನಿಗೆ ನೀರಿನ ವಿಷಯ ಏನೂ ತಿಳಿಯುವುದಿಲ್ಲ. ನನಗೆ ಅದರಲ್ಲಿ ರುಚಿಯಿಲ್ಲ.

ಕೋಡಿಬೆಂಗ್ರೆಗೆ ಮುಟ್ಟುವಾಗ ಇಳಿಹೊತ್ತು. ಹೊಳೆಗೂ ಕಡಲಿಗೂ ನಡುವೆ ನಾಲಿಗೆಯಂತೆ ಚಾಚಿದ ಮರಳುಪಟ್ಟಿ, ಅದರ ಮೇಲೆ ತೆಂಗು, ಮನೆ, ಒಣಹಾಕಿದ ಬಲೆ. ಮಣಿಪಾಲದಲ್ಲಿ ಪತ್ರಿಕೋದ್ಯಮ ಓದಲು ಮುಂಬೈಯಿಂದ ಬಂದಿದ್ದ ಇಶಿತಾ ಮಾಳವಿಯಾ 2007ರಲ್ಲಿ ಸರ್ಫಿಂಗ್ ಕಲಿತು, ಗೆಳೆಯ ತುಷಾರ್ ಪಥಿಯನ್ ಜೊತೆ ಸೇರಿ 'ಶಾಕಾ ಸರ್ಫ್ ಕ್ಲಬ್' ಕಟ್ಟಿದ್ದು ಈ ಊರಿನಲ್ಲಿ. ದೇಶದ ಮೊದಲ ವೃತ್ತಿಪರ ಸರ್ಫರ್ ಹೆಣ್ಣುಮಗಳು ಎಂದು ಅವರನ್ನು ಕರೆಯುತ್ತಾರೆ. ಶುರುವಿನಲ್ಲಿ ಇಬ್ಬರಿಗೂ ಇದ್ದದ್ದು ಹಂಚಿಕೊಂಡ ಒಂದೇ ಹಲಗೆ. ಒಬ್ಬರು ನೀರಿನಲ್ಲಿದ್ದರೆ ಇನ್ನೊಬ್ಬರು ದಡದಲ್ಲಿ. ಸಲಕರಣೆಯ ಅಂಗಡಿಗಳ ಹೊಳೆಯುವ ಪಟ್ಟಿ ನೋಡಿ ಎದೆಗುಂದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸ್ಫೂರ್ತಿ ಬೇಕೆ?

ಅಲ್ಲಿ ದಂಡೆಯಲ್ಲಿ ಬಲೆ ಸರಿಮಾಡುತ್ತ ಕೂತಿದ್ದ ಹಿರಿಯರೊಬ್ಬರನ್ನು ಹೊಳೆಯ ಹೆಸರು ಕೇಳಿದೆ. "ಸ್ವರ್ಣೆ, ಸೀತೆ ಎರಡೂ ಕೂಡಿ ಬರುವ ಅಳಿವೆ ಇದು. ನೀವು ಎಲ್ಲಿಯವರು?" ಎಂದರು. ಶಿವಮೊಗ್ಗ ಎಂದೆ. "ಹಾಗಾದರೆ ನಿಮ್ಮ ಆಗುಂಬೆಯ ನೀರೇ. ಮಳೆಗಾಲದಲ್ಲಿ ನಿಮ್ಮ ಘಟ್ಟದ ಮರದಿಮ್ಮಿ, ಮಣ್ಣು, ಮರಳು ಎಲ್ಲ ಇಲ್ಲಿಗೇ ಬರುವುದು. ಅಳಿವೆ ಬಾಗಿಲಲ್ಲಿ ಅದೇ ಕೂತು ದಿಬ್ಬ ಆಗುವುದು, ಅಲ್ಲಿಯೇ ಅಲೆ ಮುರಿಯುವುದು."

ಕತ್ತಲಾಗುವವರೆಗೆ ಅಲ್ಲೇ ನಿಂತು ನೋಡಿದೆ. ದೂರದಿಂದ ಬರುವ ಅಲೆಗೆ ಆಳ ಕಡಲಿನಲ್ಲಿ ರೂಪವೇ ಇಲ್ಲ, ಬರೀ ಒಂದು ಉಸಿರಾಟ. ದಡದ ಬಳಿ ನೆಲ ಮೇಲೇರುತ್ತ ಬಂದಂತೆ ಅದರ ಬುಡ ತಡವರಿಸುತ್ತದೆ, ತಲೆ ಮುಂದೋಡುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು ಒಂದೂಕಾಲು ಪಾಲಿಗೆ ಇಳಿಯಿತೋ, ತಲೆ ಕವುಚಿ ನೊರೆಯಾಗಿ ಬೀಳುತ್ತದೆ. ನೆಲ ಒಂದೇ ಸಮ ಏರಿದರೆ ಇಡೀ ಸಾಲು ಒಟ್ಟಿಗೇ ಧೊಪ್ಪನೆ ಬೀಳುತ್ತದೆ, ಸರ್ಫರ್‌ಗೆ ಅದು ಉಪಯೋಗವಿಲ್ಲ. ಓರೆಯಾದ ಮರಳದಿಬ್ಬವಿದ್ದರೆ ಮಾತ್ರ ಒಂದು ತುದಿಯಲ್ಲಿ ಮುರಿಯಲು ಶುರುವಾಗಿ ಪಕ್ಕಕ್ಕೆ ಸರಿಯುತ್ತ ಹೋಗುತ್ತದೆ. ಆ ಇನ್ನೂ ಮುರಿಯದ ಹಸಿರು ಗೋಡೆಯ ಮೇಲೆ ಓಡುವುದೇ ಸರ್ಫಿಂಗ್. ಅಂಟಾರ್ಕ್ಟಿಕಾದ ಕಡೆಯ ಬಿರುಗಾಳಿಗೆ ಆಗುಂಬೆಯ ಮರಳು ಮೈಕಟ್ಟು ಕೊಡುತ್ತಿದೆ! ಎಲ್ಲ ಸಲಕರಣೆಗಿಂತ ದೊಡ್ಡ ಸಲಕರಣೆ ಈ ದಿಬ್ಬ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನು ಕಟ್ಟುವ ಕೆಲಸದಲ್ಲಿ ನಮ್ಮ ಜಿಲ್ಲೆಯ ಮಳೆಗೂ ಪಾಲಿದೆ ಎಂಬುದು ನನಗೆ ಆವರೆಗೆ ಹೊಳೆದೇ ಇರಲಿಲ್ಲ.

ಮುಲ್ಕಿಯದ್ದೂ ಅದೇ ಕಥೆ. ಕಾರ್ಕಳದ ಕಡೆಯಿಂದ ಶಾಂಭವಿ, ಕಟೀಲಿನ ದೇವಿಯ ಗುಡಿಯನ್ನು ಬಳಸಿಕೊಂಡು ನಂದಿನಿ, ಎರಡೂ ಸಸಿಹಿತ್ಲಿನ ಬಳಿ ಕೂಡಿ ಕಡಲಿಗೆ ಬೀಳುತ್ತವೆ. ಅಮೆರಿಕ ಮೂಲದ ವೈಷ್ಣವ ಸನ್ಯಾಸಿ ಜ್ಯಾಕ್ ಹೆಬ್ನರ್ ಇಲ್ಲಿ ಆಶ್ರಮ ಮಾಡಿಕೊಂಡಿದ್ದರು. ಜಪ, ಪೂಜೆಯ ಜೊತೆಗೆ ಹಲಗೆ ಹಿಡಿದು ಕಡಲಿಗಿಳಿಯುತ್ತಿದ್ದ ಅವರು ಊರವರ ಬಾಯಲ್ಲಿ 'ಸರ್ಫಿಂಗ್ ಸ್ವಾಮಿ'. 2004ರಲ್ಲಿ ಅವರ ಬಳಗ ಕಟ್ಟಿದ ಮಂತ್ರ ಸರ್ಫ್ ಕ್ಲಬ್ ದೇಶದ ಮೊದಲ ಸರ್ಫ್ ಕ್ಲಬ್ ಎನಿಸಿತು. ಮೀನುಗಾರರ ಮಕ್ಕಳು ಸ್ವಾಮಿಯ ಹಿಂದೆ ನೀರಿಗಿಳಿದರು. ಮುಲ್ಕಿಯ ತನ್ವಿ ಜಗದೀಶ್ ಇಲ್ಲಿ ಕಲಿತು, ನಿಂತು ಹುಟ್ಟು ಹಾಕುವ ಸ್ಟ್ಯಾಂಡ್‌ಅಪ್ ಪ್ಯಾಡ್ಲಿಂಗ್‌ನಲ್ಲಿ ಹೆಸರಾಗಿ, 2016ರಲ್ಲಿ ಫಿಜಿ ದ್ವೀಪದ ವಿಶ್ವ ಕೂಟದಲ್ಲಿ ಭಾರತದ ಪರ ಇಳಿದರು. ಅದೇ ವರ್ಷ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸಸಿಹಿತ್ಲಿಗೆ ಬಂತು. ಕರ್ನಾಟಕದ ಹೆಸರಿನಲ್ಲಿ ಅಲೆಯೇರುವ ರಮೇಶ್ ಬೂದಿಹಾಳ್ 2025ರ ಆಗಸ್ಟಿನಲ್ಲಿ ಮಹಾಬಲಿಪುರಂನ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಕಂಚು ಗೆದ್ದರು. ಆ ಕೂಟದ ಇತಿಹಾಸದಲ್ಲಿ ವೈಯಕ್ತಿಕ ಪದಕ ಗೆದ್ದ ಮೊದಲ ಭಾರತೀಯ ಅವರು.

ಬೆಳಿಗ್ಗೆ ಆರೂವರೆಗೆ ಸಸಿಹಿತ್ಲಿನ ಮರಳಿನಲ್ಲಿ ನಮ್ಮ ಪಾಠ. ಕಲಿಸಲು ಬಂದವನು ಇಪ್ಪತ್ತರ ಆಸುಪಾಸಿನ ಮೊಗವೀರ ಹುಡುಗ. ನಮ್ಮ ಹಲಗೆಯನ್ನು ಮಗುಚಿ ಹಾಕಿ ಹಿಂಬದಿಯ ಮೂರು ರೆಕ್ಕೆಗಳನ್ನು ಅಲುಗಾಡಿಸಿ ನೋಡಿದ. ಫಿನ್ ಎನ್ನುವ ಈ ರೆಕ್ಕೆ ಇಲ್ಲದಿದ್ದರೆ ಹಲಗೆ ಅಲೆಯ ಇಳುಕಲಿನಲ್ಲಿ ಅಡ್ಡಡ್ಡ ಜಾರುತ್ತದೆ. ಮೂರು ರೆಕ್ಕೆಯ ಜೋಡಣೆಯನ್ನು ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ 1980ರ ಸುಮಾರಿಗೆ ರೂಢಿಗೆ ತಂದರು. ಲೋಕದ ಎಷ್ಟೋ ಹಲಗೆಗಳಿಗೆ ಇಂದಿಗೂ ಅದೇ. ಆಮೇಲೆ ಕಾಲಿಗೆ ಕಟ್ಟುವ ಹುರಿ, ಲೀಶ್. ಬಿದ್ದಾಗ ಹಲಗೆ ದೂರ ಹೋಗದಂತೆ, ಬೇರೆಯವರ ತಲೆಗೆ ಬಡಿಯದಂತೆ ಹಿಂದಿನ ಕಾಲಿನ ಹರಡಿಗೆ ಇದನ್ನು ಸುತ್ತುತ್ತಾರೆ. ಮೊದಮೊದಲ ಲೀಶ್‌ಗಳು ರಬ್ಬರಿನಂತೆ ಎಳೆದು ಚಿಮ್ಮುತ್ತಿದ್ದವು. ವೆಟ್‌ಸೂಟ್ ವ್ಯಾಪಾರಕ್ಕೆ ಹೆಸರಾದ ಜ್ಯಾಕ್ ಓನೀಲ್ 1970ರ ದಶಕದ ಆರಂಭದಲ್ಲಿ ಹಾಗೆ ಚಿಮ್ಮಿ ಬಂದ ಹಲಗೆಗೆ ಒಂದು ಕಣ್ಣನ್ನೇ ಕಳೆದುಕೊಂಡರು. ಆ ಲೀಶನ್ನು ರೂಪಿಸಿದ್ದು ಅವರದೇ ಮಗ. ಇನ್ನು ಮೇಣ: ಗಟ್ಟಿ ಹಲಗೆಯ ಮೇಲೆ ಕಾಲು ಜಾರದಿರಲು ತಿಕ್ಕುವುದು. ನಮ್ಮ ಬೆಚ್ಚನೆಯ ನೀರಿಗೆ ಗಡಸು ಮೇಣವೇ ಆಗಬೇಕು, ತಣ್ಣೀರಿನ ದೇಶದ್ದು ಇಲ್ಲಿ ಕರಗಿ ಹರಿಯುತ್ತದೆ. ವೆಟ್‌ಸೂಟ್ ಕರ್ನಾಟಕದ ಕಡಲಿಗೆ ದಂಡ. ಹಲಗೆಗೆ ಉಜ್ಜಿ ಎದೆ ತರಚದಂತೆ, ಬಿಸಿಲು ಸುಡದಂತೆ ತುಂಬುತೋಳಿನ ಬಿಗಿ ಅಂಗಿ ಒಂದಿದ್ದರೆ ಸಾಕು.

"ಲೈಫ್ ಜಾಕೆಟ್?" ಎಂದೆ.

"ಕಯಾಕಿಗೆ ಬೇಕೇ ಬೇಕು. ಇದರಲ್ಲಿ ಕವುಚಿ ಮಲಗುವಾಗ ಅಡ್ಡ ಆಗ್ತದೆ ಸರ್. ಆದ ಕಾರಣ ಈಜು ಬಾರದವರನ್ನು ಸೊಂಟದ ನೀರಿನಿಂದ ಆಚೆ ಬಿಡುವುದಿಲ್ಲ ನಾವು."

ನೀರಿಗಿಳಿಯುವ ಮೊದಲು ಅವನು ಕಡಲಿನ ಒಂದು ಜಾಗಕ್ಕೆ ಬೆರಳು ತೋರಿಸಿದ. ಎರಡು ಕಡೆ ನೊರೆ, ನಡುವೆ ಅಲೆಯೇ ಮುರಿಯದ ಒಂದು ಕಪ್ಪು ಓಣಿ. ನನ್ನ ಕಣ್ಣಿಗೆ ಸ್ನಾನಕ್ಕೆ ಅದೇ ಪ್ರಶಸ್ತ ಎನಿಸಿತ್ತು. ದಡಕ್ಕೆ ಬಂದ ನೀರೆಲ್ಲ ಕಡಲಿಗೆ ಮರಳುವ ದಾರಿ ಅದಂತೆ. ಘಟ್ಟದಿಂದ ಬಂದವರು ಹೆಚ್ಚಾಗಿ ಸಿಕ್ಕಿಬೀಳುವುದೇ ಅಲ್ಲಿ. ಸಿಕ್ಕಿಬಿದ್ದರೆ ದಡದ ಕಡೆ ಈಜಿ ಸೋಲಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ನೊರೆಯಿರುವ ಕಡೆಗೆ ಬರಬೇಕು, ಆ ನೊರೆಯೇ ದಡಕ್ಕೆ ತಳ್ಳುತ್ತದೆ. ಈ ಒಂದು ಮಾತನ್ನು ಮಲೆನಾಡಿನ ಪ್ರತಿ ಶಾಲೆಯಲ್ಲೂ ಪ್ರವಾಸಕ್ಕೆ ಮೊದಲು ಹೇಳಿಕೊಡಬೇಕು.

ಮರಳಿನ ಮೇಲೆ ಮಲಗಿ, ಅಂಗೈಗಳನ್ನು ಪಕ್ಕೆಲುಬಿನ ಬಳಿ ಊರಿ, ಒಂದೇ ಏಟಿಗೆ ಎದ್ದು ನಿಲ್ಲುವ ಅಭ್ಯಾಸ ಆಯಿತು. ಆಮೇಲೆ ನೀರು. ಅವನು ಹಲಗೆಯನ್ನು ಹಿಂದಿನಿಂದ ಹಿಡಿದು ಕಾದ. ನಾನು ಕವುಚಿ ಮಲಗಿದ್ದೆ. ಹಿಂದೆ ಏನೋ ಏರಿ ಬರುತ್ತಿರುವುದು ಕಿವಿಗಿಂತ ಮೊದಲು ಹೊಟ್ಟೆಗೆ ತಿಳಿಯಿತು. "ಹ್ಞಾ, ಈಗ!" ಎಂದು ತಳ್ಳಿದ. ಹಲಗೆ ಜೀವ ಬಂದಂತೆ ಮುಂದಕ್ಕೆ ನೆಗೆಯಿತು. ಎದ್ದೆ, ಕಾಲು ನೋಡಿಕೊಂಡೆ, ಮುಂದಿನ ಕ್ಷಣ ಬಾಯಿತುಂಬ ಉಪ್ಪುನೀರು.

"ಬೋರ್ಡ್ ನೋಡುವುದು ಬೇಡ ಮಾರಾಯ್ರೆ, ದಡ ನೋಡಿ, ತೆಂಗಿನಮರ ನೋಡಿ!"

ಬಿಸಿಲು ಏರುವ ಹೊತ್ತಿಗೆ ತೆಂಗಿನಮರ ನೋಡಲು ಕಲಿತೆ. ನಿಂತದ್ದು ಎಷ್ಟು ಹೊತ್ತೋ, ದಡದಲ್ಲಿದ್ದ ಅಣ್ಣನ ಮಗನಿಗೆ ಅದು ಕಣ್ಣು ಮಿಟುಕಿಸುವಷ್ಟು. ನನಗೆ ಹಾಗಲ್ಲ. ಹುಟ್ಟಿನಿಂದ ನಾನು ಕಂಡ ನೀರೆಲ್ಲ ಹೊರಟುಹೋಗುವ ನೀರು: ಮಾಡಿನಿಂದ ಅಂಗಳಕ್ಕೆ, ಅಂಗಳದಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ. ಇಲ್ಲಿ ನನ್ನನ್ನು ಹೊತ್ತು ತಂದದ್ದು ಯಾವ ನೀರು? ನೀರು ಇದ್ದಲ್ಲೇ ಇರುತ್ತದೆ, ಮೇಲೆ ಕೆಳಗೆ ಒಂದು ಸುತ್ತು ಹಾಕಿ ತನ್ನ ಜಾಗಕ್ಕೇ ಮರಳುತ್ತದೆ ಎಂದು ಭೌತಶಾಸ್ತ್ರ ಹೇಳುತ್ತದೆ. ಸಾಗುವುದು ಕಸುವು ಮಾತ್ರ. ಕಾರ್ತಿಕದ ಗಾಳಿ ಹಾದಾಗ ಗದ್ದೆಯ ಈ ಬದುವಿನಿಂದ ಆ ಬದುವಿಗೆ ಭತ್ತದ ತೆನೆಗಳ ಮೇಲೆ ಅಲೆ ಓಡುತ್ತದೆ, ಒಂದು ಪೈರೂ ಜಾಗ ಬಿಡುವುದಿಲ್ಲ. ಪುಸ್ತಕದಲ್ಲಿ ಓದಿ ತಿಳಿಯದೇ ಉಳಿದಿದ್ದ ಸಂಗತಿಯನ್ನು ಸಸಿಹಿತ್ಲಿನ ಕಡಲು ಅಂಗಾಲಿಗೆ ಹೇಳಿಕೊಟ್ಟಿತು. ಅಲೆ ಒಡೆಯುವ ಆ ಕೊನೆಯ ಗಜಗಳಲ್ಲಿ ಮಾತ್ರ ನೀರೂ ನಿಜವಾಗಿ ಮುಂದೋಡುತ್ತದೆ, ಹೊಸಬರನ್ನು ಹೊರುವುದು ಆ ಬಿಳಿ ನೊರೆಯೇ.

ಗಂಜಿಯೂಟದ ಹೊತ್ತಿಗೆ ಕಲಿಸಿದ ಹುಡುಗ ತನ್ನ ಚಿಂತೆ ತೋಡಿಕೊಂಡ. ಮಳೆಗಾಲದಲ್ಲಿ ಕಡಲು ದಂಡೆಯನ್ನು ಕೊರೆಯುತ್ತಿದೆ, ಮರಳು ಜಾಗ ಬದಲಿಸುತ್ತದೆ, ಅದರ ಜೊತೆ ಅಲೆಯೂ ಜಾಗ ಬದಲಿಸುತ್ತದೆ. ಹೊಳೆಗೆ ಅಡ್ಡ ಕಟ್ಟಿದರೆ, ಹೊಳೆಯ ಮರಳು ಲಾರಿಗೆ ತುಂಬಿದರೆ ದಿಬ್ಬಕ್ಕೆ ಸಾಮಗ್ರಿ ಎಲ್ಲಿಂದ ಬರಬೇಕು ಎಂಬುದು ಅವನ ಪ್ರಶ್ನೆ. ಘಟ್ಟದ ಮೇಲಿನವರಾದ ನಾವು ಅದಕ್ಕೆ ಉತ್ತರ ಕೊಡಬೇಕಾದವರೇ.

ಹೋಗುವ ಮನಸ್ಸಿರುವವರಿಗೆ ಇಷ್ಟು ಹೇಳುತ್ತೇನೆ. ಶಿವಮೊಗ್ಗದಿಂದ ನೇರ ಹಾದಿ ತೀರ್ಥಹಳ್ಳಿ, ಆಗುಂಬೆ, ಹೆಬ್ರಿಯ ಮೇಲೆ ಉಡುಪಿಗೆ. ಅಲ್ಲಿಂದ ಬೆಂಗ್ರೆಯೂ ಮುಲ್ಕಿಯೂ ಹತ್ತಿರ. ಕಲಿಯಲು ಒಳ್ಳೆಯ ಕಾಲ ಅಕ್ಟೋಬರಿನಿಂದ ಮೇ ಮೊದಲ ವಾರಗಳವರೆಗೆ. ಮುಂಗಾರಿನ ಮುನ್ನದ ದೊಡ್ಡ ಅಲೆ ನುರಿತವರದ್ದು, ಅದಕ್ಕೇ ಅವರ ಸ್ಪರ್ಧೆಗಳು ಮೇ ಕೊನೆಗೆ ಬೀಳುತ್ತವೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳೂ 61 ದಿನ ದಡದಲ್ಲೇ ಇರುತ್ತವೆ, ನೀವೂ ದಡದಲ್ಲೇ ಇರಿ. ಹಲಗೆ, ಲೀಶ್, ಮೇಣ ಎಲ್ಲ ಕಲಿಸುವವರ ಬಳಿಯೇ ಇರುತ್ತದೆ, ಏನನ್ನೂ ಕೊಳ್ಳಬೇಡಿ. ಈಜು ಒಂದನ್ನು ಮಾತ್ರ ಮನೆಯಿಂದಲೇ ಕಲಿತು ಹೋಗಿ.